ಬಾರದ ಮಳೆಯನ್ನು ಸಾರಿದವರು

ಮಸೀದಿಯಲ್ಲಿ ಆಜಾನ್ ಕೂಗುವ ಮೋತಾಹರ್ ನಮ್ಮ ಅಂಗಳಕ್ಕೆ ಬಂದಾಗ ನಾನು ಹಸಿ ಭತ್ತದ ರಾಶಿಯ ಮುಂದೆ ಕೂತು ಅವನನ್ನೇ ಬೈಯುತ್ತಿದ್ದೆ. ಇನ್ನೂ ಬಲಿಯದ ಕಾಳು. ಕುಟ್ಟಿದರೆ ನುಚ್ಚು, ಇಟ್ಟರೆ ಮುಗ್ಗು. ಹಿಂದಿನ ದಿನ ಬೆಳಗಿನ ನಮಾಜು ಮುಗಿದ ಮೇಲೆ ಮಸೀದಿಯ ಮೈಕು ಕೂಗಿತ್ತು: "ಹವಾಮಾನದವರು ಹೇಳಿದ್ದಾರೆ, ಮೂರು ದಿನ ಭಾರೀ ಮಳೆ. ಭತ್ತ ಕೊಯ್ದುಬಿಡಿ. ಮೊದಲು ದಕ್ಷಿಣದ ಗದ್ದೆ ಕೊಯ್ಯಿರಿ." ಊರೆಲ್ಲ ಕುಡುಗೋಲು ಹಿಡಿದು ಓಡಿತು. ಮಧ್ಯಾಹ್ನ ರೇಡಿಯೋ ಹೇಳಿದ್ದೇನು? ಮುಂದಿನ ನಾಲ್ಕೈದು ದಿನ ನಮ್ಮ ಸುನಾಮಗಂಜ್ ಸೀಮೆಯಲ್ಲಿ ಒಣಹವೆ! ಅರ್ಧಕ್ಕೇ ಕೊಯ್ಲು ನಿಲ್ಲಿಸಿ ಎಲ್ಲರೂ ತಲೆ ಚಚ್ಚಿಕೊಂಡೆವು.

"ನಾನು ಕೂಗಲಿಲ್ಲ ಖಾಲಾ," ಎಂದು ಮೋತಾಹರ್ ನನ್ನ ಚಿಕ್ಕಮ್ಮನ ಮುಂದೆ ಕುಕ್ಕರಿಸಿದ. "ಮೇಕೆ ಹಗ್ಗ ಕಿತ್ಕೊಂಡು ಓಡಿತ್ತು, ಹುಡುಕೋಕೆ ಹೋಗಿದ್ದೆ. ಇವತ್ತು ಸಂಜೆ ಪಂಚಾಯ್ತಿ ಸೇರಿಸಿ ನನ್ನನ್ನ ಮಸೀದಿಯಿಂದ ಹೊರಗೆ ಹಾಕ್ತಾರಂತೆ. ಬಸುರಿ ಹೆಂಡತೀನ ಕರ್ಕೊಂಡು ಎಲ್ಲಿಗೆ ಹೋಗ್ಲಿ?"

"ಸಾಕ್ಷಿ ಯಾರು? ಮೇಕೆನಾ?" ಎಂದೆ.

"ಫಯೇಜ್, ಬಾಯಿ ಮುಚ್ಕೊಂಡು ಕೊಡೆ ತಗೋ," ಎಂದರು ಮಾಜೇದಾ ಖಾಲಾ. ಮೂವತ್ತು ವರ್ಷ ದಾದಿಯಾಗಿ ಮನೆಮನೆ ಸುತ್ತಿದವರು. ಕಳೆದ ಕೋಳಿಯಿಂದ ಓಡಿಹೋದ ಗಂಡನವರೆಗೆ ಏನು ಹುಡುಕಬೇಕಾದರೂ ನಮ್ಮೂರು ಪೊಲೀಸರನ್ನಲ್ಲ, ಅವರನ್ನು ಕರೆಯುತ್ತದೆ. ಬಿಸಿಲಲ್ಲಿ ಕೊಡೆ ಹಿಡಿದು ಹಿಂದೆ ಅಲೆಯುವ ಕರ್ಮ ಮಾತ್ರ ನನ್ನದು.

ಮಸೀದಿಯಲ್ಲಿ ಮೈಕಿನ ಪಕ್ಕದ ಹಲಗೆಯ ಮೇಲೆ ಒಂದು ಬಟ್ಟಲು ತುಂಬ ನೀರಿತ್ತು. ತಾನು ಅಲ್ಲಿ ನೀರಿಡುವುದೇ ಇಲ್ಲ, ಬಟ್ಟಲು ಕೈಕಾಲು ತೊಳೆಯುವ ಕಟ್ಟೆಯದು ಎಂದ ಮೋತಾಹರ್.

"ಯಾರೋ ಕುಡಿಯೋಕೆ ಇಟ್ಕೊಂಡಿರ್ತಾರೆ," ಎಂದೆ.

"ಕುಡಿದಿದ್ರೆ ಬಟ್ಟಲು ತುಂಬಿರ್ತಿತ್ತೇನೋ? ಸರಿ, ದನಿ ಹೇಗಿತ್ತು ಹೇಳು."

"ಬಾಯಲ್ಲಿ ಮಂಡಕ್ಕಿ ತುಂಬ್ಕೊಂಡ ಹಾಗಿತ್ತು. ಗುರುತು ಸಿಗಬಾರದು ಅಂತ ಬಟ್ಟೆ ಅಡ್ಡ ಹಿಡಿದಿರಬೇಕು."

ಅಲ್ಲಿಂದ ಖಾಲಾ ನನ್ನನ್ನು ನೇರವಾಗಿ ಪಂಚಾಯ್ತಿ ಚೇರ್ಮನ್ ಮೊಕದ್ದಸರ ಕಣಕ್ಕೆ ನಡೆಸಿದರು. ರಾಶಿಯಿಂದ ಒಂದು ಕಾಳು ತೆಗೆದು ಕಚ್ಚಿದರು. ಎಳೆಯ ಕಾಳೇ, ಆದರೆ ಚೆನ್ನಾಗಿ ಒಣಗಿತ್ತು. ಯಾವಾಗ ಕೊಯ್ದದ್ದೆಂದು ಕೇಳಿದರೆ, ಮೈಕು ಕೂಗುವುದಕ್ಕೂ ಎರಡು ದಿನ ಮುಂಚೆ ಎಂದ ಆಳು.

"ಮೈಕಿನ ಕಳ್ಳನ್ನ ಹಿಡಿಯೋಕೆ ಭತ್ತ ಯಾಕೆ ಖಾಲಾ ಕಚ್ತೀರಾ?" ನನಗೆ ರೋಸಿಹೋಗಿತ್ತು.

"ನಿನ್ನ ಕಚ್ಚೋದಕ್ಕಿಂತ ವಾಸಿ. ನಡಿ."

ಸಂಜೆ ಶಾಲೆಯ ಜಗುಲಿಯಲ್ಲಿ ಊರೇ ಸೇರಿತು. ಚೇರ್ಮನ್ನರ ಕೂಗಾಟವೇ ಎಲ್ಲರಿಗಿಂತ ಜೋರು. ಅವರ ತಂದೆ ಹಾಜಿ ತಫಜ್ಜುಲ್, ಸಿಲ್ಹೆಟ್‌ನಲ್ಲಿ ಕಟ್ಟಿಸಿಕೊಂಡ ಹೊಸ ಹಲ್ಲಿನಲ್ಲಿ ಅಡಿಕೆ ಅಗಿಯುತ್ತ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ನಮ್ಮೂರಿನ ಬೆಳಗಿನ ನಮಾಜಿಗೆ ಮೊದಲು ಬರುವವರೂ ಕಡೆಗೆ ಹೋಗುವವರೂ ಅವರೇ.

ಖಾಲಾ ಎದ್ದು ನಿಂತರು. "ಮಳೆ ಸುರಿದ್ರೆ ನಮ್ಮಲ್ಲಿ ಮೊದಲು ಮುಳುಗೋದು ಯಾವ ಗದ್ದೆ?"

"ಉತ್ತರದ ತಗ್ಗು," ಎಂದಿತು ಊರು.

"ಹಾಗಿದ್ರೆ ಮೈಕು ದಕ್ಷಿಣದ ಗದ್ದೆ ಮೊದಲು ಕೊಯ್ಯಿರಿ ಅಂದಿದ್ದು ಯಾಕೆ? ಅದು ಎತ್ತರದ ನೆಲ. ಅದರ ಪಕ್ಕ ಇರೋದು ಹೊಳೆ ಒಡ್ಡು ಒಂದೇ. ಕೂಗಿದವರಿಗೆ ಭಯ ಇದ್ದದ್ದು ಮೋಡದ್ದಲ್ಲ, ಒಡ್ಡಿನದು. ಈ ಚಳಿಗಾಲದಲ್ಲಿ ಆ ಒಡ್ಡು ಕಟ್ಟಿಸಿದವರು ಚೇರ್ಮನ್ ಸಾಹೇಬ್ರು. ಊರಿಗೆಲ್ಲ ಮುಂಚೆ ಎಳೇ ಭತ್ತ ಕೊಯ್ದವರೂ ಅವರೇ. ಅಂದ್ಮೇಲೆ ಒಡ್ಡು ಟೊಳ್ಳು ಅನ್ನೋದು ಆ ಮನೆಗೆ ಗೊತ್ತಿತ್ತು."

"ನನಗೆ ಗೊತ್ತಿದ್ರೆ ಮೈಕಲ್ಲಿ ನಾನ್ಯಾಕೆ ಕೂಗ್ತೀನಿ?" ಚೇರ್ಮನ್ ಗುಡುಗಿದರು.

"ನೀವು ಕೂಗಲ್ಲ. ಬಚ್ಚಿಡ್ತೀರ. ಆ ಮನೇಲಿ ಬಚ್ಚಿಟ್ಟು ನಿದ್ದೆ ಬಾರದವರು ಒಬ್ರಿದ್ದಾರೆ." ಖಾಲಾ ದನಿ ತಗ್ಗಿಸಿದರು. "ಬಟ್ಟಲು ನೀರು ಕುಡಿಯೋಕಲ್ಲ ಫಯೇಜ್, ದನಿ ಗುರುತು ಸಿಗಬಾರದು ಅಂತ ಕಟ್ಟಿಸಿದ ಹಲ್ಲು ತೆಗೆದಿಡೋಕೆ. ಹಲ್ಲಿಲ್ಲದ ಬಾಯಿಯ ಮಾತು ಮಂಡಕ್ಕಿ ತುಂಬ್ಕೊಂಡ ಹಾಗೇ ಇರುತ್ತೆ. ಅಲ್ವಾ ಹಾಜಿ ಚಾಚಾ?"

ಅಡಿಕೆ ಅಗಿಯುವ ಸದ್ದು ನಿಂತಿತು.

"ಅಬ್ಬನಿಗೆ ವಯಸ್ಸಾಯ್ತು, ಅರಳುಮರಳು," ಎಂದು ಚೇರ್ಮನ್ ನಗಲು ನೋಡಿದರು.

"ಸುಮ್ನಿರೋ!" ಮುದುಕರು ಕೋಲೂರಿ ಎದ್ದರು. "ಒಳಗೆಲ್ಲ ಬರೀ ಮರಳು, ಮೇಲೆ ಹುಲ್ಲು ಹೊದಿಸಿದೀನಿ ಅಂತ ಊಟಕ್ಕೆ ಕೂತಾಗ ನೀನೇ ಹೇಳಿದ್ಯಲ್ಲ. ದೂರದ ಗುಡ್ಡದ ಕಡೆ ಮಳೆಯಾಗಿ ಹೊಳೆ ಏರ್ತಾ ಇದೆ. ಮಗನ ಮೇಲೆ ನಿಜ ಹೇಳೋಕೆ ಬಾಯಿ ಬರಲಿಲ್ಲ, ಆಕಾಶದ ಮೇಲೆ ಸುಳ್ಳು ಹೇಳ್ದೆ. ಮೋತಾಹರ್, ನಿನ್ನ ತಲೆಗೆ ಬರುತ್ತೆ ಅಂತ ಯೋಚಿಸಲಿಲ್ಲ. ಕ್ಷಮಿಸಪ್ಪ."

ಮೋತಾಹರ್ ಮುದುಕರ ಕೈ ಹಿಡಿದು ಮಸೀದಿಯವರೆಗೆ ನಡೆಸಿದ, ಮೈಕಿನ ಗುಂಡಿಯನ್ನು ತಾನೇ ಒತ್ತಿದ. ಈ ಸಲ ದನಿ ಸ್ಪಷ್ಟವಾಗಿ ಕೇಳಿತು: "ನಾನು ತಫಜ್ಜುಲ್. ಮಳೆ ಬರಲ್ಲ. ನನ್ನ ಮಗ ಕಟ್ಟಿದ ಒಡ್ಡು ನಿಲ್ಲಲ್ಲ. ಕೊಯ್ದುಕೊಳ್ಳಿ."

ಬೈದುಕೊಂಡೇ ಕುಡುಗೋಲು ಹಿಡಿದೆ. ಹೊಳೆಯನ್ನು ಬೈದೆ, ಚೇರ್ಮನ್ನನ್ನು ಬೈದೆ, ಪಕ್ಕದ ಸಾಲಿನಲ್ಲಿ ನನಗಿಂತ ಬೇಗ ಕೊಯ್ಯುತ್ತಿದ್ದ ಮೋತಾಹರನನ್ನೂ ಬೈದೆ. ಮರುದಿನ ಸಂಜೆಯ ಹೊತ್ತಿಗೆ ದಕ್ಷಿಣದ ಗದ್ದೆಗಳೆಲ್ಲ ಖಾಲಿಯಾಗಿದ್ದವು, ಉತ್ತರದ್ದು ಅರ್ಧ ಉಳಿದಿತ್ತು.

ಅದರ ಮರುದಿನ ಮಧ್ಯಾಹ್ನ ಒಡ್ಡು ಒಡೆಯಿತು. ನಾವು ಶಾಲೆಯ ದಿಬ್ಬದ ಮೇಲೆ ಭತ್ತದ ಮೂಟೆಗಳ ನಡುವೆ ನಿಂತು, ಕೊಯ್ಯದೆ ಬಿಟ್ಟ ತೆನೆಗಳು ಒಂದೊಂದಾಗಿ ಮುಳುಗುವುದನ್ನು ನೋಡಿದೆವು. ಯಾರದೋ ರೇಡಿಯೋ ಮತ್ತೆ ಅದನ್ನೇ ಹೇಳುತ್ತಿತ್ತು: ಮುಂದಿನ ನಾಲ್ಕೈದು ದಿನ ಒಣಹವೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮೇಲೆ ಒಂದು ಚೂರು ಮೋಡವಿರಲಿಲ್ಲ.