ಬುರುಡೆ ಚೀಟಿಯ ಡಬ್ಬಿ

"ಕಾರು ತಿರುಗಿಸಿ, ಲಿಂಗರಾಜು ಗಾರು! ಕೋರ್ಟಿಗಲ್ಲ... ವೈಜಾಗ್ ರೋಡಿಗೆ!"

ಪಿಸ್ತೂಲಿನ ಮೂತಿ ನನ್ನ ಪಕ್ಕೆಗೆ ಒತ್ತಿತು.

ಬೆಂಜ್ ಸರ್ಕಲ್‌ನ ಸಿಗ್ನಲ್. ಮಟಮಟ ಮಧ್ಯಾಹ್ನ. ಪಕ್ಕದ ಬಾಗಿಲು ತೆರೆದು ಒಳನುಗ್ಗಿದವನು ತೇಜ. ವಿಶಾಖಪಟ್ಟಣದ ಔಷಧ ಕಾರ್ಖಾನೆಯೊಂದರ ಸೆಕ್ಯುರಿಟಿ ಹೆಡ್. ಅಲ್ಲಿ ವಿಷ ಕದ್ದವನೂ ಇವನೇ. ಸಿಕ್ಕಿಬಿದ್ದವನು ಮಾತ್ರ ಅಲ್ಲಿಯ ಕೆಮಿಸ್ಟ್, ನಮ್ಮೂರು ಹಾಸನದ ಹುಡುಗ ಪ್ರಶಾಂತ್! ಅವನು ಹೊರಬಂದರೆ ಕಳ್ಳತನ ತೇಜನ ತಲೆಗೇ ಬರುತ್ತಿತ್ತು.

ಪ್ರಶಾಂತ್ ಮಾಡಿದ್ದಾದರೂ ಏನು? ದಸರೆಗೆ ಕೂರಿಸಲೆಂದು ಸಿಂಗಾಪುರದ ಅಕ್ಕನಿಗೆ ಕೊಂಡಪಲ್ಲಿಯ ಗೊಂಬೆ ಕಳಿಸಿದ. ಕೈಕಾಲು ಮುರಿದರೆ ಅಂಟಿಸಲು ಹುಣಸೆಬೀಜದ ಪುಡಿಯನ್ನೂ ಇಟ್ಟ. ತುಂಬಿದ್ದು ಲ್ಯಾಬಿನ ಖಾಲಿ ಡಬ್ಬಿಗೆ... ವಿಷವೆಂದು ಸಾರುವ ಬುರುಡೆ ಚೀಟಿ ಕೀಳದೆ!

ಖಾಲಿ ಡಬ್ಬಿ ಎಸೆಯುವ ಮನೆ ನಮ್ಮಲ್ಲಿದೆಯೇ, ಹೇಳಿ?

ಏರ್‌ಪೋರ್ಟಿನಲ್ಲಿ ಪಾರ್ಸೆಲ್ ಹಿಡಿದರು. ಅಂತರರಾಷ್ಟ್ರೀಯ ಭಯೋತ್ಪಾದನೆಯ ಕೇಸು ಬಿತ್ತು.

"ಈ ಕೇಸು ನಿಲ್ಲೋಕೆ ಬರೀ ವಿಷ ಇದ್ದರೆ ಸಾಲದು, ಅಣ್ಣಾ," ಎಂದಿದ್ದರು ವಕೀಲೆ ಗಂಗಾಭವಾನಿ. "ಜನರಲ್ಲಿ ಭಯ ಹುಟ್ಟಿಸೋ ಉದ್ದೇಶ ಇರಬೇಕು. ಆ ಜನ ಪರದೇಶದವರಾದರೂ ಕಾನೂನಿಗೆ ಒಂದೇ. ಉದ್ದೇಶ ಇರಲಿಲ್ಲ ಅಂತ ತೋರಿಸಿ... ಇಲ್ಲಾಂದ್ರೆ ಜಾಮೀನು ಮರೆತುಬಿಡಿ!"

ತೋರಿಸಬೇಕಾದ ಸಾಕ್ಷಿ ಹಿಂದಿನ ಸೀಟಿನಲ್ಲಿತ್ತು. ಗೊಂಬೆ ಕೆತ್ತುವ ಎಪ್ಪತ್ತರ ಸಾಯಿಲಕ್ಷ್ಮಿ. ಮಡಿಲಲ್ಲಿ ಅದೇ ಬಗೆಯ ಡಬ್ಬಿ, ಅದೇ ಪುಡಿ. ಪುಡಿ ಹಾಕಿಡಲೆಂದು ಆ ಖಾಲಿ ಡಬ್ಬಿಯನ್ನೂ ಕೊಟ್ಟವನು ಪ್ರಶಾಂತನೇ.

"ಏಯ್ ಮುದುಕಿ! ಅದೇನದು? ಇತ್ತ ಕೊಡು!"

"ತಗೋ ನಾಯನಾ."

ತೇಜ ತಿರುಗಿದ. ಬುರುಡೆ ಕಂಡಿತು. ಮರುಕ್ಷಣವೇ ಪುಡಿಯೆಲ್ಲ ಮುಖದ ಮೇಲೆ!

ಆ ಚೀಟಿಯ ಅರ್ಥ ಅವನಷ್ಟು ಬಲ್ಲವರು ಯಾರು? ಪಿಸ್ತೂಲು ಕೈಜಾರಿತು. "ಸತ್ತೆ... ಸತ್ತೆ!" ಎಂದು ಚೀರುತ್ತ ಹೊರಹಾರಿದವನು ಟ್ರಾಫಿಕ್ ಪೊಲೀಸನ ತೋಳಿಗೇ ಬಿದ್ದ.

"ಏನಮ್ಮಾ, ಸಾಕ್ಷಿಯನ್ನೇ ಎರಚಿಬಿಟ್ಟಿರಲ್ಲ!"

"ನಿನ್ನ ಪಕ್ಕೆ ಉಳೀತಲ್ಲ ಬಾಬೂ... ಗಾಡಿ ಬಿಡು!"

ನ್ಯಾಯಾಧೀಶರು ಖಾಲಿ ಡಬ್ಬಿಯನ್ನು ತಿರುಗಿಸಿ ನೋಡಿದರು. ಕಟಕಟೆಯಲ್ಲಿ ಪ್ರಶಾಂತ್ ಕೈಮುಗಿದು ನಿಂತಿದ್ದ.

"ಪುಡಿ ಏಕೆ ಎರಚಿದಿರಿ?"

"ಹೆದರಿಸೋಕೆ, ದೊರಾ!"

ಗಂಗಾಭವಾನಿ ಕಣ್ಣು ಮುಚ್ಚಿಕೊಂಡರು. ನ್ಯಾಯಾಧೀಶರು ನಕ್ಕರು. ಆಮೇಲೆ ನಗದೆ ಹೇಳಿದರು: "ಪಾರ್ಸೆಲಿನ ಪುಡಿಯ ಲ್ಯಾಬ್ ರಿಪೋರ್ಟ್ ಬರಲಿ. ಜಾಮೀನಿನ ಮಾತು ಹದಿನೈದು ದಿನ ಬಿಟ್ಟು ನೋಡೋಣ."

ಭಯ ಹುಟ್ಟಿಸುವ ಉದ್ದೇಶ ಇತ್ತೆಂದು ಆ ಕೋರ್ಟಿನಲ್ಲಿ ಒಪ್ಪಿಕೊಂಡವಳು ಅಜ್ಜಿಯೊಬ್ಬಳೇ. ಅವಳನ್ನು ಸಂಜೆಯೊಳಗೆ ಮನೆಗೆ ಬಿಟ್ಟುಬಂದೆ... ಪ್ರಶಾಂತ್ ಮತ್ತೆ ಜೈಲಿಗೆ ಹೋದ!