ಹೊತ್ತು ಮುಳುಗಿದ ಮೇಲಿನ ಗುಳಿಗೆ

ಖಾನಾಪುರದ ಹೈಸ್ಕೂಲ್ ಮಾಸ್ತರ ಓಂಕಾರನಿಗೆ ವರ್ಷವಿಡೀ ನೆಗಡಿ. ಒಮ್ಮೊಮ್ಮೆ ಜ್ವರವೂ ಸೇರಿಕೊಳ್ಳುತ್ತಿತ್ತು. ಪಾಪ, ಮೂಗಿಗೆ ಏನೂ ಆಗಿರಲಿಲ್ಲ, ಆಗಿದ್ದೆಲ್ಲ ಕಣ್ಣಿಗೆ. ಬಸ್ ಸ್ಟ್ಯಾಂಡ್ ಬಾಜುವಿನ ಮೆಡಿಕಲ್‌ನಲ್ಲಿ ತ್ರಿಶಲಾ ಕೆಲಸ ಮಾಡುತ್ತಿದ್ದಳು. ಇವನು ಸುಳ್ಳು ಕೆಮ್ಮು ಕೆಮ್ಮಿದರೆ ಅವಳು ಕತ್ತೆತ್ತದೆ ಕಣ್ಣಂಚಿನಲ್ಲೇ ನೋಡಿ, ನಗು ನುಂಗಿ, ಗುಳಿಗೆ ಕೊಡುತ್ತಿದ್ದಳು.

"ಊಟಾದ ಮ್ಯಾಲೆ ತಗೋರಿ ಸರ್."

ಅಷ್ಟೇ ಮಾತು. ಇವನು ಆಡಬೇಕಾದದ್ದು ಹಾಗೇ ಉಳಿದು, ಗುಳಿಗೆಗಳು ಮಾತ್ರ ಚೀಲ ಸೇರುತ್ತಿದ್ದವು.

ಇವತ್ತು ಅಲ್ಲಿ ಅವಳ ಕಡೆಯ ದಿನ. ಇನ್ನು ಮುಂದೆ ಬೆಳಗಾವಿಯಲ್ಲೇ ಕೆಲಸ, ಅಲ್ಲಿಯ ಅನಗೋಳದ ತನ್ನ ಮನೆಯ ಹತ್ತಿರ. ಇಬ್ಬರೂ ಮನೆಗೆ ಮರಳುವ ಸಂಜೆಯ ಬಸ್ಸಿನಲ್ಲಾದರೂ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ ಹತ್ತಿದವನು ನೋಡಿದರೆ, ಅವಳು ಕಿಟಕಿಗೆ ತಲೆಯಾನಿಸಿ ಜ್ವರದಲ್ಲಿ ನಡುಗುತ್ತಿದ್ದಳು. ಊರಿಗೆಲ್ಲ ಔಷಧ ಕೊಡುವವಳು ತನಗೆ ತೆಗೆದುಕೊಳ್ಳುವುದನ್ನೇ ಮರೆತಿದ್ದಳು.

ಓಂಕಾರ ಗಡಬಡಿಸಿ ಪಕ್ಕದಲ್ಲಿ ಕೂತು, ಚೀಲದಿಂದ ಜ್ವರದ ಗುಳಿಗೆ, ನೀರಿನ ಬಾಟಲಿ ತೆಗೆದ. ಅವಳು ಕಿಟಕಿಯಾಚೆ ಬೆರಳು ತೋರಿಸಿದಳು.

"ಹೊತ್ತು ಮುಳಗೇತ್ರಿ ಸರ್. ನಮ್ಮೊಳಗ ಇನ್ನ ನೀರೂ ಮುಟ್ಟಂಗಿಲ್ಲ."

ಜೈನರ ಮನೆಯ ಈ ನೇಮ ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬೇಡಿದ, ಗದರಿದ, ಅವಳು ಜಗ್ಗಲಿಲ್ಲ. ಚೀಲದ ತುಂಬ ಔಷಧ, ಎದುರಿಗೆ ಸುಡುವ ಹಣೆ. ಕೈ ಕಟ್ಟಿಹಾಕಿದಂತಾಗಿ ಅವನಿಗೆ ಅಳುವೇ ಬಂತು. ಕೊನೆಗೆ ಕರ್ಚೀಫು ಒದ್ದೆ ಮಾಡಿ ಕೊಟ್ಟ. ಅವಳು ಅದನ್ನು ಹಣೆಗೆ ಒತ್ತಿಕೊಂಡಳು. ಪೀರನವಾಡಿ ಬಂತು, ಅವನ ಮನೆ ಅಲ್ಲೇ. ಅವನು ಇಳಿಯಲಿಲ್ಲ.

ತೆರೆದ ಚೀಲದ ಮೇಲೆ ಅವಳ ಕಣ್ಣು ಬಿತ್ತು. ಒಂದನ್ನೂ ಒಡೆದಿರದ ಸ್ಟ್ರಿಪ್ಪುಗಳು, ಎಲ್ಲವೂ ಅವಳೇ ಕೊಟ್ಟವು. ಇದೇನೆಂದು ಕೇಳಿದಳು.

"ನನಗ ಒಂದ್ ಸಲಾನೂ ನೆಗಡಿ ಆಗಿಲ್ರಿ," ಎಂದ ಓಂಕಾರ. "ನಿಮ್ಮನ್ನ ನೋಡಾಕ ಬರ್ತಿದ್ನಿ. ಇನ್ನ ಎಲ್ಲಿ ನೋಡ್ಲಿ?"

ಅವಳು ಒಂದು ಸ್ಟ್ರಿಪ್ಪನ್ನು ಬಸ್ಸಿನ ದೀಪಕ್ಕೆ ಹಿಡಿದಳು.

"ಇದರ ಡೇಟ್ ಮುಗದೈತಿ. ಇಷ್ಟ ತಡಾ ಮಾಡೂದೇನ್ರಿ?"

ಎಲ್ಲ ಮುಗಿಯಿತೆಂದು ಅವನು ತಲೆ ತಗ್ಗಿಸಿದ.

ಬೆಳಗಾವಿ ಸ್ಟ್ಯಾಂಡಿನಲ್ಲಿ ಅವಳನ್ನು ಆಟೋ ಹತ್ತಿಸಿದ. ಅವಳು ಕರ್ಚೀಫು ಮರಳಿ ಕೊಡಲಿಲ್ಲ.

"ನಾಳೆ ಹೊತ್ತು ಮೂಡಿದ ಮ್ಯಾಲೆ ಗುಳಿಗಿ ತಗೋತೀನಿ," ಎಂದಳು. "ನೀವ ತಂದ್ಕೊಡ್ರಿ. ಅಪ್ಪಾರೂ ಮನ್ಯಾಗ ಇರ್ತಾರ."

ಆಟೋ ಹೊರಟಾಗ ಮತ್ತೆ ಕತ್ತು ಹೊರಹಾಕಿದಳು.

"ಡೇಟ್ ಇದ್ದದ್ದು ತರ್ರಿ."