ಕೆಂಪು ಗೂಡು

ನಕಾಶೆ ಬರೆಯುವವರು ಇನ್ನೂ ಹುಟ್ಟಿರದ ಕಾಲದಲ್ಲಿ, ಏಳು ಕಡಲಾಚೆ ಮುತ್ತುಗಡ್ಡೆ ಎಂಬ ದ್ವೀಪರಾಜ್ಯವಿತ್ತು. ಅಲ್ಲಿನ ಕಾಡಿನ ಗವಿಯಲ್ಲಿ ಅಂಗೈಯಷ್ಟೂ ಇಲ್ಲದ ಬಾನಾಡಿ ಎಂಬ ಹಕ್ಕಿಗಳಿದ್ದವು. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಡು ದಾಟುವ ಆ ಹಕ್ಕಿಗಳು ತಮ್ಮ ಎಂಜಲಿನಿಂದಲೇ ಬಂಡೆಗೆ ಗೂಡು ಕಟ್ಟುತ್ತಿದ್ದವು. ಆ ಗೂಡು ದ್ವೀಪದವರಿಗೆ ಔಷಧಿ.

ಏಣಿ ಹತ್ತಿ ಗೂಡು ಬಿಡಿಸುವವನು ದುಗ್ಗಪ್ಪ. ಕೆಳಗೆ ನಿಂತು ಕೇಳುವವಳು ಅವನ ಹೆಂಡತಿ ಕೇದಗೆ. "ಮನೆ ಖಾಲಿಯಾಯ್ತಾ, ತಾಯಿ?" ಎಂದು ಅವಳು ಕೂಗಬೇಕು. ಮರಿಗಳು ಹಾರಿಹೋಗಿದ್ದರೆ ತಾಯಿಹಕ್ಕಿ 'ಟಿಕ್ ಟಿಕ್' ಎನ್ನುತ್ತಿತ್ತು. ಸುಮ್ಮನಿದ್ದರೆ ಹತ್ತುವಂತಿಲ್ಲ. ಕೇದಗೆಯದು ಎಂಥ ಗಂಟಲು! ಅವಳು ಗಂಡನನ್ನು ಬೈದರೆ ಗವಿಯ ಬಾವಲಿಗಳೂ ಎದ್ದು ಕೂರುತ್ತಿದ್ದವು.

ಆ ದನಿಯನ್ನೇ ಧೂಮಾಕ್ಷನೆಂಬ ಮಾಂತ್ರಿಕ ಕದ್ದು ನುಂಗಿದ.

"ಒಂದೇ ಹಕ್ಕಿಯ ಮೂರು ಗೂಡು ತಾ. ಮೂರನೆಯದು ತಿಂದರೆ ನನಗೆ ಸಾವಿಲ್ಲ. ಆಮೇಲೆ ನಿನ್ನ ಹೆಂಡತಿಯ ದನಿ ಬಿಟ್ಟುಕೊಡುತ್ತೇನೆ," ಎಂದು ದುಗ್ಗಪ್ಪನಿಗೆ ಹೇಳಿದ.

ದುಗ್ಗಪ್ಪ ಹಕ್ಕಿಯನ್ನು ಕೇಳದೆಯೇ ಹತ್ತಿ ಮೊದಲ ಗೂಡು ತಂದ. ಹಕ್ಕಿ ಮತ್ತೆ ಕಟ್ಟಿತು. ಎರಡನೆಯದನ್ನೂ ತಂದ. ಹಕ್ಕಿ ಮತ್ತೆ ಕಟ್ಟಿತು. ಎಂಜಲು ಮುಗಿದು ರಕ್ತ ಬಂದಿತ್ತು. ಮೂರನೆಯ ಗೂಡು ಕೆಂಪಗಿತ್ತು. ಅದರಲ್ಲಿ ರೆಕ್ಕೆ ಬಲಿಯದ ಎರಡು ಮರಿ.

ಕೇದಗೆ ಏಣಿಯ ಬುಡ ತಬ್ಬಿಕೊಂಡು ಬೇಡವೆಂದು ತಲೆಯಾಡಿಸಿದಳು.

"ನಿನಗೋಸ್ಕರವೇ ಕಣೇ, ಬಿಡು!" ಎಂದು ಅವನು ಅವಳ ಕೈ ಬಿಡಿಸಿಕೊಂಡು ಹತ್ತಿದ.

ಮರಿಗಳನ್ನು ಬಂಡೆಯ ಬಿರುಕಿನಲ್ಲಿಟ್ಟು ಗೂಡು ಬಿಡಿಸಿದ. ಅವನು ಇಳಿಯುವ ಮೊದಲೇ ಮರಿಗಳು ಕೆಳಗೆ ಬಿದ್ದು ಸತ್ತಿದ್ದವು. ತಾಯಿಹಕ್ಕಿ ಗವಿ ಬಿಟ್ಟು ಹಾರಿಹೋಯಿತು. ಹಿಂದೆಯೇ ಉಳಿದ ಹಕ್ಕಿಗಳೂ ಹೋದವು.

ಧೂಮಾಕ್ಷ ಕೆಂಪು ಗೂಡನ್ನು ಗಬಕ್ಕನೆ ಬಾಯಿಗೆ ಹಾಕಿಕೊಂಡ. ಕೇಳದೆ ತಂದ ಗೂಡು ಯಾರ ಗಂಟಲಲ್ಲೂ ಇಳಿಯದೆಂಬುದು ಅವನಿಗೆ ಗೊತ್ತಿರಲಿಲ್ಲ. ಉಸಿರು ಕಟ್ಟಿ ಹೊಗೆಯಾಗಿ ಹೋದ. ದನಿ ಕೇದಗೆಗೆ ಮರಳಿತು. ಮಾಂತ್ರಿಕನ ಕಾಟ ತಪ್ಪಿತೆಂದು ದ್ವೀಪದ ಅರಸ ಊರಿಗೆಲ್ಲ ಊಟ ಹಾಕಿಸಿದ.

ಊಟದೆಲೆಯ ಮುಂದೆ ಕೇದಗೆ ಮೊದಲ ಮಾತಾಡಿದಳು: "ಹಕ್ಕೀನಂತೂ ಕೇಳಲಿಲ್ಲ. ನನ್ನನ್ನಾದರೂ ಕೇಳಿದ್ಯಾ, ಮಾರಾಯ?"

ಅವನು ಕೈಯಲ್ಲಿದ್ದ ತುತ್ತನ್ನು ಎಲೆಗೇ ಇಟ್ಟ. ಮಾಡಬಾರದ್ದನ್ನು ಮಾಡಿದ್ದ, ಅದನ್ನು ಹಿಂದಕ್ಕೆ ತರುವ ಮಂತ್ರ ಯಾರಲ್ಲೂ ಇರಲಿಲ್ಲ.

ಮುತ್ತುಗಡ್ಡೆಯ ಜನ ಸುಖವಾಗಿಯೇ ಬಾಳಿದರು. ಗಂಡ ಹೆಂಡತಿ ಮಾತ್ರ ದಿನಾ ಬೆಳಗ್ಗೆ ಗವಿಗೆ ಹೋಗುತ್ತಿದ್ದರು. "ಮನೆ ಖಾಲಿಯಾಯ್ತಾ, ತಾಯಿ?" ಎಂದು ಅವಳು ಕೂಗುತ್ತಿದ್ದಳು. ಉತ್ತರ ಬರುತ್ತಿರಲಿಲ್ಲ. ಉತ್ತರವಿಲ್ಲದೆ ಹತ್ತುವಂತಿಲ್ಲವಲ್ಲ, ದುಗ್ಗಪ್ಪ ಏಣಿ ಹಿಡಿದುಕೊಂಡು ಕೆಳಗೇ ನಿಂತಿರುತ್ತಿದ್ದ.